ಮೇಲೆ ಜಾಗ ಇದೆ

"ಗೋಡೆ ಪಕ್ಕ ಬೇಡಮ್ಮ, ನಟ್ಟನಡುವೆ ಹಿಡಿ" ಎಂದು ಮಗಳು ಕೂಗಿದಳು.

ಟೈಲರಮ್ಮ ಬಿದಿರಿನ ಉದ್ದ ಕೋಲನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, ರೈಲ್ವೆ ಸೇತುವೆಯ ಕೆಳಗೆ ರಸ್ತೆಯ ನಡುಮಧ್ಯಕ್ಕೆ ಬಂದು ನಿಂತಳು. ಮಗಳು ಕೈ ಅಡ್ಡ ಹಿಡಿದು ವಾಹನಗಳನ್ನು ತಡೆದಿದ್ದಳು. ಬೆಳಗಿನ ಏಳೂವರೆ. ಹಿಂದೆ ಸಾಲುಗಟ್ಟಿದವರಲ್ಲಿ ಕೆಲವರು ಹಾರನ್ ಒತ್ತುತ್ತಿದ್ದರು, ಕೆಲವರು ಇದೇನು ಹುಚ್ಚೋ ಎಂದು ಕತ್ತು ಚಾಚಿದ್ದರು.

ಟೈಲರಮ್ಮ ಕೋಲಿನ ಬುಡವನ್ನು ಟಾರಿನ ಮೇಲೆ ಊರಿ ನೆಟ್ಟಗೆ ನಿಲ್ಲಿಸಲು ನೋಡಿದಳು. ನಿಲ್ಲಲಿಲ್ಲ. ತುದಿ ಮೇಲಿನ ಕಬ್ಬಿಣದ ತೊಲೆಗೆ ತಗುಲಿ ವಾಲಿಕೊಂಡಿತು. ಇನ್ನೊಂದು ಕಡೆ ನೋಡಿದಳು, ಮತ್ತೊಂದು ಕಡೆ ನೋಡಿದಳು. ಎಲ್ಲೆಲ್ಲೂ ಅಷ್ಟೇ.

"ಏನಮ್ಮಾ, ಸೇತುವೆಗೆ ಅಂಗಿ ಹೊಲೀತೀರಾ? ಅಳತೆ ಆಯ್ತಾ?" ಎಂದ ಮುಂದಿದ್ದ ಆಟೋದವನು.

"ಆಯ್ತಪ್ಪಾ. ಒಂದು ಬೆರಳು ಬಿಗಿ ಬಂತು" ಎಂದು ಟೈಲರಮ್ಮ ಕೋಲನ್ನು ಹೆಗಲಿಗೇರಿಸಿ ಪಕ್ಕಕ್ಕೆ ಸರಿದಳು. ನಲವತ್ತು ವರ್ಷ ಹೊಲಿಗೆಯಂತ್ರ ತುಳಿದವಳು. ಬೆರಳಿನ ಲೆಕ್ಕದಲ್ಲಿ ಅವಳು ತಪ್ಪುವವಳಲ್ಲ.

ಕೋಲು ಡಬಲ್ ಡೆಕ್ಕರ್ ಬಸ್ಸಿನ ಎತ್ತರದ್ದು. ಅವಳ ಗಂಡ ಅದನ್ನು ಬಸ್ಸಿಗೆ ಸರಿಯಾಗಿ ಕೊಯ್ದು ಇಟ್ಟಿದ್ದ. ಈ ರಸ್ತೆಗೆ ಹೊಸದಾಗಿ ಟಾರು ಹಾಕಿ ನೆಲ ಮೇಲೇರಿದಾಗಲೆಲ್ಲ ಗಂಡ ಹೆಂಡತಿ ಬಂದು ಅಳೆದು ಹೋಗುತ್ತಿದ್ದರು. ಬೇರೆಯವರು ಜೋಡಿಯಾಗಿ ಸಿನಿಮಾಕ್ಕೆ ಹೋದರೆ ನಾವು ಸೇತುವೆಗೆ ಹೋಗ್ತೀವಿ ಎಂದು ಅವಳು ನೆರೆಯವರ ಹತ್ತಿರ ನಗೆಯಾಡುತ್ತಿದ್ದಳು. ಎರಡು ತಿಂಗಳ ಹಿಂದೆ ಮತ್ತೆ ಟಾರು ಹಾಕಿದಾಗ ಗಂಡ ಹಾಸಿಗೆ ಹಿಡಿದಿದ್ದ. ಅಳತೆ ಉಳಿದುಹೋಗಿತ್ತು. ನಿನ್ನೆ ಸಂಜೆ ಅವನು ಹೋದ.

ಫೋನು ಬಂತು. ಮೈದುನ.

"ಅತ್ತಿಗೆ, ಎಲ್ಲಿದ್ದೀರಾ? ಮನೆ ತುಂಬ ಜನ. ಅಣ್ಣ ಒಳಗೆ ಮಲಗಿರೋವಾಗ ನೀವು ಬೀದೀಲಿ ನಿಂತ್ರೆ ನೋಡಿದೋರು ಏನಂತಾರೆ?"

"ಸೇತುವೆ ಕೆಳಗಿದ್ದೀನಪ್ಪ."

"ಅಲ್ಲೇನಿದೆ?"

"ಏನೂ ಇಲ್ಲ. ಬೇಕಾಗಿದ್ದ ಒಂದು ಬೆರಳು ಜಾಗಾನೂ ಇಲ್ಲ."

ಬೆಳಿಗ್ಗೆ ಆರಕ್ಕೇ ಡಿಪೋ ಮ್ಯಾನೇಜರ್ ಮನೆಗೆ ಬಂದು, ಕೈಮುಗಿದು, ಒಂದು ಮಾತು ಹೇಳಿ ಹೋಗಿದ್ದ. ಶವದ ವ್ಯಾನಿನ ಹಿಂದೆ ಡಬಲ್ ಡೆಕ್ಕರ್ ಬಸ್ಸು ಸ್ಮಶಾನದವರೆಗೆ ಬರಲಿ, ಅದು ನಿಮ್ಮ ಯಜಮಾನರಿಗೆ, ನಮ್ಮ ಮೇಸ್ತ್ರಿಗೆ, ಸಲ್ಲಬೇಕಾದ ಗೌರವ, ನಾನು ಮೇಲಿನವರ ಒಪ್ಪಿಗೆ ತಂದಿದ್ದೇನೆ ಎಂದಿದ್ದ. ಸ್ಮಶಾನಕ್ಕೆ ಇದ್ದದ್ದು ಎರಡು ದಾರಿ. ಒಂದರಲ್ಲಿ ಕರೆಂಟಿನ ತಂತಿಗಳು ಕೈಗೆ ಸಿಗುವಷ್ಟು ಕೆಳಗೆ ಜೋತಿದ್ದವು. ಇನ್ನೊಂದರಲ್ಲಿ ಈ ಸೇತುವೆ.

"ಬಿಡಮ್ಮ, ಅಪ್ಪನಿಗೆ ಅಳತೆ ಇಲ್ದೆ ಏನೂ ಆಗ್ತಿರ್ಲಿಲ್ಲ. ಆಗಲ್ಲ ಅಂದ್ರೆ ಆಗಲ್ಲ" ಎಂದಳು ಮಗಳು. ಮಾತು ಗಟ್ಟಿಯಾಗಿತ್ತು. ಮೊಪೆಡ್ಡಿಗೆ ಕೀ ಹಾಕಿ ಶುರು ಮಾಡಿದಳು.

*

ಇಪ್ಪತ್ತೈದು ವರ್ಷಗಳ ಹಿಂದೆ ಆ ಊರಿನಲ್ಲಿ ಇಪ್ಪತ್ಮೂರು ಡಬಲ್ ಡೆಕ್ಕರ್ ಬಸ್ಸುಗಳು ಓಡುತ್ತಿದ್ದವು. ಮೇಸ್ತ್ರಿ ಡಿಪೋದಲ್ಲಿ ಗ್ಯಾಸ್ ಕಟ್ಟರ್ ಹಿಡಿಯುವವನು. ಡಿಕ್ಕಿ ಹೊಡೆದುಕೊಂಡು ಬಂದ ಬಸ್ಸುಗಳ ಮುರುಕು ತಗಡು ಕತ್ತರಿಸಿ ಹೊಸದು ಕೂರಿಸುವುದು ಅವನ ಕೆಲಸ. ಒಂದು ದಿನ ಮೇಲಿನಿಂದ ಆದೇಶ ಬಂತು. ಡಬಲ್ ಡೆಕ್ಕರ್‌ಗಳು ಹಳತಾಗಿವೆ, ಬಿಡಿಭಾಗ ಸಿಗುವುದಿಲ್ಲ, ಎಲ್ಲವನ್ನೂ ಕತ್ತರಿಸಿ ಗುಜರಿಗೆ ಹಾಕಿ.

ಕತ್ತರಿಸುವವನು ಒಬ್ಬನೇ ಇದ್ದ.

ಮೊದಲ ಬಸ್ಸು ಕೊಯ್ದ ದಿನ ಅವನು ಊಟಕ್ಕೆ ಕೂತು ಎದ್ದುಬಿಟ್ಟ. ಅವನ ಅಂಗಿಯಲ್ಲಿ ಸುಟ್ಟ ಬಣ್ಣದ ವಾಸನೆ. ಟೈಲರಮ್ಮ ಎರಡು ಸಲ ಒಗೆದರೂ ಹೋಗಲಿಲ್ಲ. ಒಣಗಿಸಲು ಜೇಬು ಹೊರಳಿಸಿದಾಗ ಹಿತ್ತಾಳೆಯ ಒಂದು ಬಾಗಿಲ ಚಿಲಕ ಕೆಳಗೆ ಬಿತ್ತು.

"ಇದೇನು? ಕದ್ದು ತಂದ್ರಾ?"

"ಕದಿಯೋದಾ? ಕೇಳಿ ಬರೆಸ್ಕೊಂಡು ತಂದಿದ್ದೀನಿ. ಉಪಯೋಗಕ್ಕೆ ಬಾರದ ವಸ್ತು ಅಂತ ರುಜು ಹಾಕಿ ಕೊಟ್ಟಿದ್ದಾರೆ."

"ಉಪಯೋಗಕ್ಕೆ ಬಾರದ್ದು ಅಂದ ಮೇಲೆ ನಿಮಗ್ಯಾಕೆ?"

ಅವನು ಚಿಲಕವನ್ನು ತಿರುವಿ ನೋಡಿದ. "ಪೂರ್ತಿ ಕೊಯ್ದೆ ಅಂತ ಆಗಬಾರದು ನೋಡು" ಎಂದ.

ವಾರಕ್ಕೊಂದು, ಹತ್ತು ದಿನಕ್ಕೊಂದು ಬಸ್ಸು ಬೀಳುತ್ತಿತ್ತು. ಒಂದೊಂದರಿಂದ ಒಂದೊಂದು ವಸ್ತು ಮನೆಗೆ ಬಂತು. ಕಿಟಕಿಯ ಹಿಡಿಕೆ, ಮೆಟ್ಟಿಲ ಕಂಬಿ, ಚಾಲಕನ ಕನ್ನಡಿ, ಎಲ್ಲಿಗೆ ಹೋಗುತ್ತದೆಂದು ತೋರಿಸುವ ಬಟ್ಟೆಯ ಸುರುಳಿ. ಎಲ್ಲವೂ ಮಂಚದ ಕೆಳಗೆ. ಪ್ರತಿಯೊಂದಕ್ಕೂ ದಾರದಲ್ಲಿ ಬಸ್ಸಿನ ನಂಬರಿನ ಚೀಟಿ. ಡಿಪೋದಲ್ಲಿ ಜನ ಅವನನ್ನು 'ಕಟ್ಟರ್' ಎಂದು ಕರೆಯತೊಡಗಿದರು. ತಮ್ಮ ಬಸ್ಸು ಹೋದ ಡ್ರೈವರುಗಳು, ಕಂಡಕ್ಟರುಗಳು ಅವನು ಎದುರಾದರೆ ಮುಖ ತಿರುಗಿಸುತ್ತಿದ್ದರು. ಆದೇಶ ಮಾಡಿದವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಬೆಂಕಿ ಹಿಡಿದವನ ಮುಖ ದಿನಾ ಕಾಣುತ್ತಿತ್ತು.

ಇಪ್ಪತ್ಮೂರನೆಯದು ಡಿಪೋದ ಹಿಂದಿನ ಮೂಲೆಯಲ್ಲಿ ಇಂಜಿನ್ ಕಳಚಿಕೊಂಡು ನಿಂತಿತ್ತು. ಮೇಸ್ತ್ರಿ ಮೊದಲ ದಿನ ಗ್ಯಾಸು ಮುಗಿದಿದೆ ಎಂದ. ಎರಡನೇ ದಿನ ಪೈಪು ಸೋರುತ್ತಿದೆ ಎಂದ. ಮೂರನೇ ದಿನ ಆಗಿನ ಮ್ಯಾನೇಜರ್ ತಾನೇ ಬಂದು ನಿಂತ.

"ಇವತ್ತೇನು ನೆಪ?"

"ನೆಪ ಇಲ್ಲ ಸಾರ್. ಇಪ್ಪತ್ತೆರಡು ಕೊಯ್ದೆ. ಇದು ನನ್ನ ಕೈಲಾಗಲ್ಲ. ಬೇರೆಯವರ ಕೈಲಿ ಮಾಡಿಸಿ, ನನ್ನನ್ನ ಮನೆಗೆ ಕಳಿಸಿ."

ಮ್ಯಾನೇಜರ್ ಬಸ್ಸಿನ ಸುತ್ತ ಒಂದು ಸುತ್ತು ಬಂದ. ಅವನಿಗೂ ಮನೆಯಲ್ಲಿ ಮಕ್ಕಳಿದ್ದವು, ಭಾನುವಾರಗಳಲ್ಲಿ ಅವೂ ಮೇಲಂತಸ್ತಿನ ಮುಂದಿನ ಸೀಟಿಗೆ ಜಗಳವಾಡಿದ್ದವು. ಅವನು ಕಾಗದದಲ್ಲಿ ಬಸ್ಸನ್ನು ಬಸ್ಸೆಂದು ಬರೆಯಲೇ ಇಲ್ಲ. 'ಡಿಪೋ ಹಿಂಭಾಗದ ಉಗ್ರಾಣ, ಎರಡು ಅಂತಸ್ತಿನದು' ಎಂದು ಬರೆದ. ಉಗ್ರಾಣವನ್ನು ಗುಜರಿಗೆ ಹಾಕಲು ಯಾರಿಗೂ ಅಧಿಕಾರವಿರಲಿಲ್ಲ.

ಅಲ್ಲಿಂದ ಹನ್ನೊಂದು ವರ್ಷ, ಪ್ರತಿ ಭಾನುವಾರ, ಮೇಸ್ತ್ರಿ ಆ ಉಗ್ರಾಣವನ್ನು ಮತ್ತೆ ಬಸ್ಸು ಮಾಡಿದ. ಮಾಮೂಲಿ ಬಸ್ಸಿನ ಹಳೇ ಇಂಜಿನನ್ನು ತಂದು ಕೂರಿಸಿದ. ಮಂಚದ ಕೆಳಗಿನ ಇಪ್ಪತ್ತೆರಡು ವಸ್ತುಗಳು ಒಂದೊಂದಾಗಿ ಅದರೊಳಗೆ ಜಾಗ ಕಂಡುಕೊಂಡವು. ಟೈಲರಮ್ಮ ಎಲ್ಲ ಸೀಟುಗಳಿಗೂ ಹಸಿರು ರೆಕ್ಸಿನ್ ಹೊಲಿದಳು. ಹೊಲಿಗೆಯಂತ್ರದ ಎಂಟು ಸೂಜಿ ಮುರಿದವು. ಮಗಳು ಡಿಪೋದ ಅಂಗಳದಲ್ಲಿ ಅದೇ ಬಸ್ಸಿನ ಮೇಲೆ ಗೇರು ಕಲಿತಳು, ಮುಂದೆ ಅದೇ ಡಿಪೋದಲ್ಲಿ ಡ್ರೈವರ್ ಆದಳು.

ಆದರೆ ಜನರನ್ನು ಹತ್ತಿಸಿಕೊಂಡು ರಸ್ತೆಗೆ ಇಳಿಯಲು ಅನುಮತಿ ಸಿಗಲೇ ಇಲ್ಲ. ಶಾಲೆಯ ಮಕ್ಕಳು ಬಂದು ನಿಂತ ಬಸ್ಸಿನಲ್ಲಿ ಕೂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಮೇಸ್ತ್ರಿ ವರ್ಷಕ್ಕೊಂದು ಅರ್ಜಿ ಹಾಕುತ್ತಿದ್ದ. ಪರಿಶೀಲನೆಯಲ್ಲಿದೆ ಎಂದು ವರ್ಷಕ್ಕೊಂದು ಉತ್ತರ ಬರುತ್ತಿತ್ತು.

"ಜನ ಕೂತು ಓಡಾಡದಿದ್ರೆ ಅದು ಬಸ್ಸಲ್ಲ ಕಣೇ, ಬೀಗ ಹಾಕಿದ ಬೀರು" ಎನ್ನುತ್ತಿದ್ದ ಮೇಸ್ತ್ರಿ.

*

ಹತ್ತು ಗಂಟೆಗೆ ವ್ಯಾನು ಮನೆಯಿಂದ ಹೊರಟು ಡಿಪೋದ ಗೇಟಿನ ಮುಂದೆ ನಿಂತಿತು. ಅಂಗಳದಲ್ಲಿ ನಲವತ್ತೈದು, ಐವತ್ತು ಜನ ಸೇರಿದ್ದರು. ನಡುವೆ ತೊಳೆದು ಒರೆಸಿದ ಕೆಂಪು ಬಸ್ಸು.

ಮ್ಯಾನೇಜರ್ ನಾಲ್ಕು ಮಾತಾಡಿದ. ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಕಳಕಳಿಯಿತ್ತು. "ಇವತ್ತು ಈ ಊರಿಗೆ ಒಂದಾದರೂ ಡಬಲ್ ಡೆಕ್ಕರ್ ಇದೆ ಅಂದ್ರೆ ಅದು ಅವರು ಉಳಿಸಿಕೊಟ್ಟಿದ್ದು. ನಾವೆಲ್ಲ ಅವರಿಗೆ ಋಣಿಗಳು."

"ಉಳಿಸಿದ್ದು ಒಂದು. ಕೊಯ್ದಿದ್ದು ಇಪ್ಪತ್ತೆರಡು. ಅದನ್ನೂ ಹೇಳಿ."

ಜನ ತಿರುಗಿ ನೋಡಿದರು. ಹಿಂದೆ ಗೋಡೆಗೊರಗಿ ನಿಂತಿದ್ದ ಮುದುಕ, ನಿವೃತ್ತ ಕಂಡಕ್ಟರ್. ಒಂಬತ್ತನೇ ನಂಬರಿನ ಡಬಲ್ ಡೆಕ್ಕರ್‌ನಲ್ಲಿ ಹತ್ತೊಂಬತ್ತು ವರ್ಷ ಟಿಕೆಟು ಹರಿದವನು. ಅದನ್ನು ಕೊಯ್ದ ದಿನದಿಂದ ಮೇಸ್ತ್ರಿಯ ಹತ್ತಿರ ಒಂದು ಮಾತೂ ಆಡಿರಲಿಲ್ಲ.

"ಸತ್ತವರ ಮುಂದೆ ಇಂಥ ಮಾತಾ? ಬಾಯಿಗೆ ಬೀಗ ಇಲ್ವಾ ನಿಮಗೆ?" ಎಂದು ಮೈದುನ ಮುಂದೆ ನುಗ್ಗಿದ.

ಟೈಲರಮ್ಮ ಮೈದುನನ ತೋಳು ಹಿಡಿದು ನಿಲ್ಲಿಸಿದಳು. "ಬಿಡಪ್ಪ. ಅವರು ಹೇಳಿದ್ದು ಸುಳ್ಳಲ್ಲ. ನಿಮ್ಮಣ್ಣನೂ ಇದೇ ಲೆಕ್ಕ ಹೇಳ್ತಿದ್ರು." ಆಮೇಲೆ ಮುದುಕನ ಹತ್ತಿರ ಹೋದಳು. "ಕಂಡಕ್ಟರ್ರೇ, ಒಂದು ನಿಮಿಷ ಬನ್ನಿ. ಒಂದು ವಸ್ತು ನೋಡೋದಿದೆ."

ಬಸ್ಸಿನ ಹಿಂಬಾಗಿಲ ಒಳಗೆ, ಮೆಟ್ಟಿಲಿನ ತಿರುವಿನಲ್ಲಿ ಒಂದು ಗಂಟೆಯಿತ್ತು. ಅದರ ಬಟ್ಟಲಿನ ಅಂಚಿನಲ್ಲಿ ಒಂದು ನಗ್ಗು. ಮುದುಕ ಕೈ ಚಾಚಿ ಹೆಬ್ಬೆರಳಿನಿಂದ ಆ ನಗ್ಗನ್ನು ಸವರಿದ.

"ಇದು... ಟಿಕೆಟ್ ಪೆಟ್ಟಿಗೆ ತಗುಲಿ ಆಗಿದ್ದು. ನಾನೇ..."

"ನಿಮ್ಮ ಒಂಬತ್ತನೇ ಗಾಡೀದೇ. ಚೀಟಿ ಕಟ್ಟಿ ಇಟ್ಟಿದ್ರು. ಇಪ್ಪತ್ತೆರಡರದ್ದೂ ಇದರಲ್ಲಿ ಒಂದೊಂದು ಇದೆ. ನಿಮಗೆ ತೋರಿಸ್ಬೇಕು ಅಂತ ಎಷ್ಟು ಸಲ ಅಂದ್ರೋ. ಯಾವ ಮುಖ ಇಟ್ಕೊಂಡು ಕರೀಲಿ ಅಂತ ಸುಮ್ಮನಾಗ್ತಿದ್ರು."

ಮುದುಕ ಮೂಗು ಸೀಟಿಕೊಂಡ. "ಕರೆದಿದ್ರೂ ನಾನು ಬರ್ತಿರ್ಲಿಲ್ಲ ಬಿಡಮ್ಮ" ಎಂದ. "ನನ್ನ ಬುದ್ಧೀನೂ ಅಷ್ಟಕ್ಕಷ್ಟೇ."

ಅಷ್ಟರಲ್ಲಿ ಹೊರಗೆ ಮಗಳು ಮ್ಯಾನೇಜರಿಗೆ ಸೇತುವೆಯ ಸಂಗತಿ ಹೇಳಿದ್ದಳು. ಅವನ ಮುಖ ಬಾಡಿತು. "ಒಂದೇ ಬೆರಳಾ? ಛೆ. ಹಾಗಾದ್ರೆ ಬಸ್ಸು ಗೇಟಿನ ತನಕ ಬಂದು ನಿಲ್ಲಲಿ. ಇನ್ನೇನು ಮಾಡೋಕಾಗುತ್ತೆ?"

"ಖಾಲಿ ಗಾಡಿಗೆ ತಾನೇ ಒಂದು ಬೆರಳು ಹೆಚ್ಚು?" ಎಂದ ಕಂಡಕ್ಟರ್, ಬಾಗಿಲಿನಿಂದ ತಲೆ ಹೊರಗೆ ಹಾಕಿ.

ಎಲ್ಲರೂ ಅವನನ್ನು ನೋಡಿದರು.

"ಅಲ್ಲ ಸ್ವಾಮಿ, ಹತ್ತೊಂಬತ್ತು ವರ್ಷ ಆ ಸೇತುವೆ ಕೆಳಗೆ ಹೋಗಿದ್ದೀನಿ. ತುಂಬಿದ ಗಾಡಿ ಸ್ಪ್ರಿಂಗಿನ ಮೇಲೆ ಕೂರುತ್ತೆ. ಎಪ್ಪತ್ತು ಜನ ಹತ್ತಿದ್ರೆ ಮೂರು ನಾಲ್ಕು ಬೆರಳು ಕೆಳಗೆ ಬರುತ್ತೆ. ಈ ಹುಡುಗಿ ಅಪ್ಪ, ಮೇಸ್ತ್ರಿನೂ ಇದನ್ನೇ ಹೇಳ್ತಿದ್ದ. ಆಗ ನಾವಿನ್ನೂ ಮಾತಾಡ್ತಿದ್ವಿ."

"ಜನರನ್ನ ಹತ್ತಿಸೋಕೆ ಅನುಮತಿ ಇಲ್ಲ. ಖಾಲಿ ಬಸ್ಸಿಗೆ ಮಾತ್ರ" ಎಂದ ಮ್ಯಾನೇಜರ್.

"ಖಾಲಿ ಹೋದ್ರೆ ತಲೆ ಒಡೆಯುತ್ತೆ. ತುಂಬಿ ಹೋದ್ರೆ ನಿಯಮ ಒಡೆಯುತ್ತೆ. ಯಾವುದು ಒಡೀಬೇಕು, ನೀವೇ ಹೇಳಿ."

ಮ್ಯಾನೇಜರ್ ವ್ಯಾನಿನ ಕಡೆ ನೋಡಿದ, ಬಸ್ಸಿನ ಕಡೆ ನೋಡಿದ. ಅವನ ಕಪಾಟಿನಲ್ಲಿ ಮೇಸ್ತ್ರಿಯ ಹನ್ನೆರಡು ಅರ್ಜಿಗಳಿದ್ದವು. ಕೊನೆಯ ಮೂರಕ್ಕೆ 'ಪರಿಶೀಲನೆಯಲ್ಲಿದೆ' ಎಂದು ಬರೆದವನು ಅವನೇ. ಅವನು ಬಸ್ಸಿನ ಹತ್ತಿರ ಹೋಗಿ, ಕಂಬಿ ಹಿಡಿದು ಹತ್ತಿ, ಮೊದಲ ಸೀಟಿನಲ್ಲಿ ಕೂತ.

"ಪರಿಶೀಲನೆ ಮುಗೀತು. ಹತ್ತಿ ಎಲ್ಲರೂ" ಎಂದ.

ಮನೆಯವರು, ನೆರೆಯವರು, ಡಿಪೋದವರು ಹತ್ತಿದರು. ಸ್ಕೂಟರಿನಲ್ಲಿ ಬಂದವರು ಸ್ಕೂಟರು ಬಿಟ್ಟು ಹತ್ತಿದರು. ಟೈಲರಮ್ಮ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ಒಬ್ಬೊಬ್ಬರು ಹತ್ತಿದಾಗಲೂ ಬಸ್ಸು ಕೂದಲೆಳೆಯಷ್ಟು ಕೂರುತ್ತಿತ್ತು. ಮೈದುನ ಕೋಲನ್ನು ಬಸ್ಸಿಗೆ ಒತ್ತಿ ನಿಲ್ಲಿಸಿದ. ಕೋಲಿನ ತುದಿ ಈಗ ಚಾವಣಿಗಿಂತ ಎರಡು ಬೆರಳು ಮೇಲಿತ್ತು.

"ಸಾಲದು. ಹೋಗ್ತಾ ಗಾಡಿ ಕುಲುಕುತ್ತೆ. ಇನ್ನೂ ಇಪ್ಪತ್ತು ಜನ ಬೇಕು" ಎಂದಳು ಮಗಳು.

ಇಪ್ಪತ್ತು ಜನಕ್ಕೆ ಎಲ್ಲಿಗೆ ಹೋಗುವುದು? ಕಂಡಕ್ಟರ್ ಗೇಟಿನಾಚೆ ಕೈ ತೋರಿಸಿದ. ಅಲ್ಲಿ ಬಸ್ ನಿಲ್ದಾಣ. ಬಿಸಿಲಿನಲ್ಲಿ ಬಸ್ಸಿಗೆ ಕಾದು ಸೋತ ಜನ.

ಕೆಂಪು ಬಸ್ಸು ಗೇಟು ದಾಟಿ ಅವರ ಮುಂದೆ ನಿಂತಾಗ ಒಬ್ಬರೂ ಅಲುಗಾಡಲಿಲ್ಲ. ಕಂಡಕ್ಟರ್ ಹಿಂದಿನ ಮೆಟ್ಟಿಲಿನ ಮೇಲೆ ನಿಂತ. ಬೆನ್ನು ತಾನಾಗಿ ನೆಟ್ಟಗಾಯಿತು. ಎಲ್ಲಿತ್ತೋ ಆ ದನಿ!

"ಬನ್ನಿ ಬನ್ನಿ ಬನ್ನಿ! ಮೇಲೆ ಜಾಗ ಇದೆ! ನಿಂತ್ಕೊಳ್ಳೋ ಹಾಗಿಲ್ಲ, ಎಲ್ಲರಿಗೂ ಸೀಟು!"

"ಎಲ್ಲಿಗೆ ಹೋಗುತ್ತೆ?" ಎಂದಳು ತರಕಾರಿ ಬುಟ್ಟಿಯವಳು.

"ಸ್ಮಶಾನಕ್ಕೆ."

"ಅಯ್ಯೋ!"

"ಗಾಬರಿ ಬೇಡ ತಾಯಿ, ವಾಪಸ್ ಬರುತ್ತೆ. ಅಲ್ಲೇ ಉಳಿಯೋರು ಒಬ್ಬರೇ. ಈ ಬಸ್ಸನ್ನ ಉಳಿಸಿದೋರು. ಜನ ಇಲ್ಲದೆ ಗಾಡಿ ಸೇತುವೆ ದಾಟಲ್ಲ, ಅದಕ್ಕೆ ಕೇಳ್ತಿದ್ದೀವಿ. ಒಂದು ಗಂಟೆ ಕೆಲಸ. ದುಡ್ಡಿಲ್ಲ, ಟಿಕೆಟ್ಟಿಲ್ಲ."

ತರಕಾರಿಯವಳು ವ್ಯಾನಿನ ಕಡೆ ಒಮ್ಮೆ ನೋಡಿದಳು. ಬುಟ್ಟಿ ಎತ್ತಿಕೊಂಡಳು. ಅವಳ ಹಿಂದೆ ಇಬ್ಬರು ನರ್ಸುಗಳು, ಒಬ್ಬ ಬಣ್ಣ ಬಳಿಯುವವನು, ಕಾಲೇಜಿನ ಆರೇಳು ಹುಡುಗಿಯರು, ಅವರನ್ನು ನೋಡಿ ಇನ್ನೂ ಹತ್ತು ಮಂದಿ ಹತ್ತಿದರು. ಕೋಲಿನ ತುದಿ ಮೂರೂವರೆ ಬೆರಳು ಮೇಲಾಯಿತು.

ಟೈಲರಮ್ಮನಿಗಾಗಿ ವ್ಯಾನಿನ ಬಾಗಿಲು ತೆರೆದಿಟ್ಟಿದ್ದರು. ಅವಳು ಒಳಗೆ ಹೋಗಿ ಗಂಡನ ಎದೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ಇಳಿದು ಬಂದಳು. "ನಾನು ಬಸ್ಸಲ್ಲಿ ಮೇಲೆ ಕೂರ್ತೀನಿ" ಎಂದಳು. "ಅಲ್ಲಿಂದ ದಾರಿಯುದ್ದಕ್ಕೂ ಕಾಣ್ತಾರೆ. ನೀನು ಅಣ್ಣನ ಜೊತೆ ಕೂತ್ಕೊಳಪ್ಪ."

ಕಂಡಕ್ಟರ್ ಗಂಟೆಯ ಹಗ್ಗ ಎರಡು ಸಲ ಎಳೆದ. "ರೈಟ್!"

*

ಸೇತುವೆಯ ಹತ್ತಿರ ಬಂದಾಗ ಮಗಳು ಗಾಡಿಯನ್ನು ನಡೆಯುವ ವೇಗಕ್ಕೆ ಇಳಿಸಿದಳು. ಕಬ್ಬಿಣದ ತೊಲೆ ಎದುರು ಬಂತು, ದೊಡ್ಡದಾಯಿತು. ಮೇಲಂತಸ್ತಿನಲ್ಲಿ ಕೂತಿದ್ದವರೆಲ್ಲ ಯಾರೂ ಹೇಳದೆ ತಲೆ ತಗ್ಗಿಸಿದರು. ಟೈಲರಮ್ಮ ಮಾತ್ರ ತಗ್ಗಿಸಲಿಲ್ಲ. ಅಳತೆ ಅವಳಿಗೆ ಗೊತ್ತಿತ್ತು. ಚಾವಣಿಯ ಮೇಲೆ ನೆರಳು ಹರಿಯಿತು, ಇಂಜಿನಿನ ಸದ್ದು ಸೇತುವೆಯ ಗೋಡೆಗೆ ಬಡಿದು ಎರಡಾಯಿತು. ಆಮೇಲೆ ಬಿಸಿಲು.

ಹಿಂದಿನಿಂದ ಒಬ್ಬ ಹುಡುಗಿ ಚಪ್ಪಾಳೆ ತಟ್ಟಿ, ಇದು ಯಾವ ಪ್ರಯಾಣವೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

"ತಟ್ಟಮ್ಮ, ತಟ್ಟು" ಎಂದಳು ಟೈಲರಮ್ಮ ತಿರುಗಿ. "ಅವರಿದ್ದಿದ್ರೆ ಅವರೇ ತಟ್ಟೋರು."

ಮೇಲಂತಸ್ತೆಲ್ಲ ಚಪ್ಪಾಳೆ ತಟ್ಟಿತು. ಕೆಳಗಿನವರಿಗೂ ಕೇಳಿಸಿ ಅವರೂ ತಟ್ಟಿದರು. ಅಲ್ಲಿಯವರೆಗೂ ತಡೆದುಕೊಂಡಿದ್ದ ಟೈಲರಮ್ಮನ ಕಣ್ಣು ಆಗ ಧಾರೆಯಾಗಿ ಹರಿಯಿತು. ನರ್ಸುಗಳಲ್ಲೊಬ್ಬಳು ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಸ್ಮಶಾನದಲ್ಲಿ ಕೆಲಸ ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾಪಸ್ ಸೇತುವೆ ದಾಟಲೂ ಅಷ್ಟೇ ಜನ ಬೇಕಾದ್ದರಿಂದ ಯಾರೂ ನಡುವೆ ಜಾರಿಕೊಳ್ಳಲಿಲ್ಲ. ಗುಂಡಿಯ ಸುತ್ತ ಎಪ್ಪತ್ತು ಜನ ನಿಂತರು, ಅವರಲ್ಲಿ ಇಪ್ಪತ್ತು ಜನಕ್ಕೆ ಸತ್ತವನ ಮುಖ ಗೊತ್ತಿರಲಿಲ್ಲ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಕಂಡಕ್ಟರ್ ಎಲ್ಲರಿಗಿಂತ ಕೊನೆಗೆ ಬಗ್ಗಿದ. ಮಣ್ಣು ಹಾಕಿದ ಮೇಲೂ ಏಳಲಿಲ್ಲ.

"ಇಪ್ಪತ್ತೈದು ವರ್ಷ ದಂಡ ಮಾಡಿದ್ವಲ್ಲೋ ಮಾರಾಯ" ಎಂದ, ಗುಂಡಿಯೊಳಗೆ ಮಾತು ಬಿದ್ದ ಹಾಗೆ. "ನಿನ್ನ ಕೈಗೆ ಬಂದ ಕೆಲಸ ನೀನು ಮಾಡ್ದೆ. ಅದರ ಮೇಲೆ ನೀನು ಮಾಡಿದ್ದನ್ನ ಯಾರು ಮಾಡ್ತಾರೆ? ಹೋಗ್ಬಾ."

ಮೈದುನ ಅವನನ್ನು ತೋಳು ಹಿಡಿದು ಎಬ್ಬಿಸಿದ.

ಬಸ್ಸು ಹತ್ತುವಾಗ ತರಕಾರಿಯವಳು ಟೈಲರಮ್ಮನ ಹತ್ತಿರ ಬಂದಳು. "ನಿಮ್ಮೆಜಮಾನ್ರು ಯಾರೋ ಏನೋ ನನಗೆ ಗೊತ್ತಿಲ್ಲಮ್ಮ. ಇಪ್ಪತ್ತು ವರ್ಷದಿಂದ ಈ ಬುಟ್ಟಿ ಇಟ್ಕೊಂಡು ಬಸ್ಸಲ್ಲಿ ನಿಂತೇ ಓಡಾಡಿದ್ದೀನಿ. ಇವತ್ತು ಅವರ ದೆಸೆಯಿಂದ ಕೂತ್ಕೊಂಡು ಬಂದೆ. ಸೀಟು ಎಷ್ಟು ಮೆತ್ತಗಿದೆ!"

"ಸೀಟು ನನ್ನದು" ಎಂದಳು ಟೈಲರಮ್ಮ. ದುಃಖದ ನಡುವೆಯೂ ಆ ಹೊಗಳಿಕೆಯನ್ನು ಗಂಡನಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಇಬ್ಬರೂ ಸಣ್ಣಗೆ ನಕ್ಕರು.

ಸೇತುವೆ ದಾಟಿ ಊರೊಳಗೆ ಬಂದ ಮೇಲೆ ಇಳಿಯುವವರು ತಮ್ಮ ತಮ್ಮ ನಿಲ್ದಾಣದಲ್ಲಿ ಇಳಿಯತೊಡಗಿದರು. ಒಂದು ನಿಲ್ದಾಣದಲ್ಲಿ ಒಬ್ಬ ಅಜ್ಜಿ ನಾಲ್ಕು ವರ್ಷದ ಮೊಮ್ಮಗಳ ಕೈ ಹಿಡಿದು ನಿಂತಿದ್ದಳು. ಬಸ್ಸು ನೋಡಿದ್ದೇ ಸುಮ್ಮನೆ ಅಭ್ಯಾಸಬಲದಿಂದ ಕೈ ಅಡ್ಡ ಹಾಕಿದಳು. ಮಗಳು ನಿಲ್ಲಿಸಿದಳು. ಕಂಡಕ್ಟರ್ ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡವನ ಹಾಗೆ ಆ ಕಡೆ ತಿರುಗಿಕೊಂಡ.

ಮಗು ಎರಡು ಕೈ ಎರಡು ಕಾಲು ಊರಿ ಮೆಟ್ಟಿಲು ಹತ್ತಿ ಮೇಲೆ ಬಂತು. ಖಾಲಿಯಾಗುತ್ತಿದ್ದ ಸೀಟುಗಳ ನಡುವೆ ಓಡುತ್ತ ನೇರ ಮುಂದಕ್ಕೆ ಬಂದು, ಟೈಲರಮ್ಮನ ಮುಂದೆ ನಿಂತು, ಅವಳು ಕೂತಿದ್ದ ಜಾಗವನ್ನೇ ನೋಡಿತು.

ಟೈಲರಮ್ಮ ಕಿಟಕಿಯ ಕಡೆಯಿಂದ ಸರಿದು ಕೂತಳು.

ಮಗು ಸೀಟಿನ ತುದಿಗೆ ಮಂಡಿಯೂರಿ, ಗಾಜಿನ ಕೆಳಗಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಲ್ಲಿ ಇಂಜಿನ್ ಶುರು ಮಾಡಿತು. ಕೆಳಗೆ ಗಂಟೆ ಎರಡು ಸಲ ಬಡಿಯಿತು. ಮುಂದೆ ತಿರುವು. ಮಗು ನಾಲಿಗೆ ಹೊರಚಾಚಿ, ಮೈಯೆಲ್ಲ ವಾಲಿಸಿ, ಎಡಕ್ಕೆ ತಿರುಗಿಸಿತು. ಬಸ್ಸು ಎಡಕ್ಕೆ ತಿರುಗಿತು.